ರೆಸ್ಟಿಂಗ್ ಹಾರ್ಟ್ ರೇಟ್‌ಗೆ ಕನ್ನಡದಲ್ಲಿ ಏನು? (ಬೋರ್ಡಿಗೆ ಬೇಕು, ತುರ್ತು)

ಕಾರವಾರದಿಂದ:
ಟಾಗೋರ್ ಕಡಲತೀರದ ಹತ್ತಿರ ಬೆಳಿಗ್ಗೆ ನಡೆಯುವವರಿಗಾಗಿ ನಮ್ಮ ಗೆಳೆಯರು ಸೇರಿ ಒಂದು ಬೋರ್ಡು ಬರೆಸುತ್ತಿದ್ದೇವೆ. ಪೇಂಟರ್ ನಾಳೆ ಮಧ್ಯಾಹ್ನ ಬರ್ತಾನೆ. ನನ್ನ ಕರಡು ಹೀಗಿದೆ: ‘ವಿಶ್ರಾಂತ ಹೃದಯ ಬಡಿತದ ದರ 60–100. ಮಧ್ಯಮ ತೀವ್ರತೆಯ ಚಟುವಟಿಕೆಯಲ್ಲಿ ಗರಿಷ್ಠ ದರದ ಶೇ. 50–70. ಉನ್ನತ ತೀವ್ರತೆಯಲ್ಲಿ ಶೇ. 70–85.’ ಗರಿಷ್ಠ ಅಂದರೆ 220ರಲ್ಲಿ ವಯಸ್ಸು ಕಳೆದದ್ದು. ಓದೋಕೆ ತುಂಬಾ ಭಾರ ಆಯ್ತು, ಅಲ್ವಾ? ಇಲ್ಲಿ ಮನೆಯಲ್ಲಿ ಕೊಂಕಣಿ ಮಾತಾಡುವವರೂ ಓದ್ತಾರೆ. ಹಗುರ ಮಾಡಿಕೊಡಿ.

ಶಿರಸಿಯಿಂದ:
‘ವಿಶ್ರಾಂತ’ ಹೊಡೆದುಹಾಕಿ. ‘ಹೃದಯ’ವನ್ನೂ. ಎದೆಬಡಿತ ಇರುವಾಗ ಅವೆಲ್ಲ ಯಾಕೆ? ಬಡಿ, ಬಡಿತ, ಮಿಡಿ, ಮಿಡಿತ, ತುಡಿ, ತುಡಿತ. ಅಂಗದ ಹೆಸರೇ ಬೇಕು ಅಂದರೆ ಗುಂಡಿಗೆ ಇದೆ, ತೆಲುಗಿನ ಗುಂಡೆ ಅದರ ನೆಂಟ. ‘ದರ’ ಅಡಿಕೆಗೆ ಇರಲಿ, ಮೀನಿಗೆ ಇರಲಿ. ‘ಸುಮ್ಮನೆ ಕೂತಾಗಿನ ಎದೆಬಡಿತ, ನಿಮಿಷಕ್ಕೆ 60–100’ ಎಂದು ಬರೆಯಿರಿ. ‘ನಿಮಿಷಕ್ಕೆ’ ಎಂದ ಮೇಲೆ ದರದ ಕೆಲಸ ಮುಗಿಯಿತು.

ಕುಮಟಾದಿಂದ:
ದರ ಬೇಡ, ಒಪ್ಪಿದೆ. ಎದೆಬಡಿತವೂ ಬೇಡ. ನಾನು ನರ್ಸ್. ‘ಎದೆ ಬಡ್ಕೊಳ್ತಾ ಇದೆ’ ಅಂತ ಬರುವವರು ಹೆದರಿಕೊಂಡೇ ಬರ್ತಾರೆ. ಬೋರ್ಡು ಓದಿದವರು ಬೆರಳಿಡುವುದು ಎದೆಗಲ್ಲ, ಹೆಬ್ಬೆರಳ ಕಡೆಯ ಮಣಿಕಟ್ಟಿಗೆ. ಅಲ್ಲಿ ಸಿಗೋದು ನಾಡಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ಎದೆಬಡಿತದ ಎಣಿಕೆ, ನಾಡಿಯ ಎಣಿಕೆ ಎರಡೂ ಯಾವಾಗಲೂ ಒಂದೇ ಅಲ್ಲ. ಹೃದಯ ತಾಳ ತಪ್ಪಿದವರಲ್ಲಿ ಕೆಲವು ಬಡಿತ ಮಣಿಕಟ್ಟಿನ ತನಕ ಬರುವುದೇ ಇಲ್ಲ. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಎಣಿಕೆ ಜಾಸ್ತಿ, ಕೈಯಲ್ಲಿ ಕಮ್ಮಿ. ಆದ್ದರಿಂದ ನಾಡಿ ಅಂತಲೇ ಬರೆಯಿರಿ.

ಶೇಕಡಾ ತೆಗೆದು ಅಂಕಿ ಕೊಡಿ. 50 ವರ್ಷದವರಿಗೆ ಗರಿಷ್ಠ 170. ಹಾಗಾಗಿ ‘ಹದ’ 85–119, ‘ಜೋರು’ 120–144. ಇದು ಅಂದಾಜು ಅಂತಲೂ ಬರೆಯಬೇಕು. ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರ ನಾಡಿ ಅಷ್ಟು ಏರುವುದಿಲ್ಲ. ನಮ್ಮ ಮೇ ತಿಂಗಳ ಸೆಕೆಯಲ್ಲಿ ಅದೇ ನಡಿಗೆಗೆ ನಾಡಿ ಇನ್ನೂ ಏರುತ್ತದೆ, ಮೈ ತಂಪಾಗಿಸಲು ಚರ್ಮದ ಕಡೆಗೂ ಹೆಚ್ಚು ರಕ್ತ ಹೋಗಬೇಕಲ್ಲ. ಅಂಕಿ ಹೊಂದದವರಿಗೆ ಉಸಿರೇ ಅಳತೆ. ಮಾತಾಡಬಹುದು, ಹಾಡೋಕಾಗಲ್ಲ ಅಂದರೆ ಹದ. ನಾಲ್ಕು ಮಾತಿಗೇ ಉಸಿರಿಗಾಗಿ ನಿಲ್ಲಬೇಕಾದರೆ ಜೋರು.

ಶಿರಸಿಯಿಂದ:
ಹದ ಒಳ್ಳೆಯ ಮಾತು. ಉಳಿದದ್ದು ಒಪ್ಪುವುದಿಲ್ಲ. ನಾಡಿ ಸಂಸ್ಕೃತ, ಜೋರು ಪಾರ್ಸಿ. ಮಿಡಿತ, ಬಿರುಸು ಎಂದರೆ ಏನು ಕಮ್ಮಿಯಾಗುತ್ತದೆ?

ಕುಮಟಾದಿಂದ:
ಬಿರುಸು ಹಾಕಿದರೆ ತಪ್ಪು ಅರ್ಥ ಹೋಗುತ್ತದೆ. ಪೇಪರಿನಲ್ಲಿ ‘ಬಿರುಸಿನ ನಡಿಗೆ’ ಅಂತ ಬರೆಯುವುದು ಹದದ ಸಾಲಿಗೇ ಸೇರಿದ್ದು. ಅದನ್ನು ಮೂರನೇ ಸಾಲಿಗೆ ಹಾಕಿದರೆ ಬಿರುಸಾಗಿ ನಡೆಯುವ ಅಜ್ಜ ತನ್ನ ನಾಡಿಯನ್ನು 140ಕ್ಕೆ ಏರಿಸಲು ಹೊರಡುತ್ತಾನೆ. ಇದು ಬರೀ ಪದದ ಮಾತಲ್ಲ.

ಹೊನ್ನಾವರದಿಂದ:
ಸಿಸ್ಟರ್ ಹೇಳಿದ್ದು ಸರಿ. ಶಿರಸಿಯವರೇ, ಪಾರ್ಸಿ ಅಂತ ಜೋರನ್ನು ಹೊರಗೆ ಹಾಕಿದರೆ ಸುಸ್ತೂ ಹೋಗಬೇಕು, ದಮ್ಮೂ ಹೋಗಬೇಕು. ರಂಪಣಿ ಬಲೆ ಎಳೆದು ದಡದಲ್ಲಿ ಕೂತವರು ‘ಸುಸ್ತಾಯ್ತು’ ಅಂತಾರೆ. ಅವರ ಕನ್ನಡ ತಪ್ಪು ಅಂತ ಹೇಳ್ತೀರಾ? ಇಲ್ಲಿಯ ಮಾತು ಬಂದರಿನ ಮಾತು. ಹಡಗಿನ ಜೊತೆ ಪದವೂ ಇಳಿದಿವೆ. ನಾಡಿ ನೋಡುವುದು ಶಾಲೆಗೆ ಹೋಗದ ಅಜ್ಜಿಗೂ ಗೊತ್ತು.

ಶಿರಸಿಯಿಂದ:
ತಪ್ಪು ಅಂತ ನಾನು ಹೇಳಿಲ್ಲ. ಬಾಯಲ್ಲಿ ಬಂದದ್ದು ಬರಲಿ. ಹೊಸದಾಗಿ ಬರೆಸುವಾಗ ಮನೆಯ ಪದವನ್ನು ಮೊದಲು ಹುಡುಕಿ ಅನ್ನುತ್ತೇನೆ, ಅಷ್ಟೆ. ಹುಡುಕದೆ ಬಿಟ್ಟದ್ದಕ್ಕೇ ತೋಟದ ಕೆಲಸದ ಎಷ್ಟೋ ಮಾತು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರ ಇಳಿದಾಗಿನ ಏದುಸಿರಿಗೆ ಸುಸ್ತು ಸಮನಲ್ಲ. ಮೂರನೇ ಸಾಲಿಗೆ ‘ಏದುಸಿರು ಬರುವ ಕೆಲಸ’ ಎನ್ನಿ. ಅರ್ಥವೂ ತಪ್ಪುವುದಿಲ್ಲ.

ಕಾರವಾರದಿಂದ:
ಪೇಂಟರ್‌ಗೆ ಕಳಿಸಿದ್ದು ಇದು: ‘ಸುಮ್ಮನೆ ಕೂತಾಗ ನಾಡಿ ನಿಮಿಷಕ್ಕೆ 60–100. ವಯಸ್ಸು 50 ಇದ್ದರೆ, ಹದವಾದ ನಡಿಗೆಗೆ 85–119. ಏದುಸಿರು ಬರುವ ಓಟಕ್ಕೆ 120–144. ಇದು ಅಂದಾಜು. ಹೃದಯದ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿ.’ ಬೇರೆ ವಯಸ್ಸಿನ ಅಂಕಿ ಕೆಳಗೆ ಪಟ್ಟಿಯಲ್ಲಿ ಬರುತ್ತದೆ.

ಶಿರಸಿಯಿಂದ:
ನಾಡಿ ಉಳಿಯಿತು. ನನ್ನ ಒಪ್ಪಿಗೆ ಇಲ್ಲ.