ಆರು ವರ್ಷದ ಮಗನಿಗೆ ಹೆಪಟೈಟಿಸ್ ಬಿ: ಮದ್ದು ಈಗಲೇ ಬೇಕೇ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಾವು ಬದಿಯಡ್ಕದ ಸಮೀಪದವರು. ನಾನೀಗ ಎರಡನೆಯ ಬಾರಿ ಗರ್ಭಿಣಿ. ರಕ್ತಪರೀಕ್ಷೆಯಲ್ಲಿ ನನಗೆ ಹೆಪಟೈಟಿಸ್ ಬಿ ಇರುವುದು ತಿಳಿದು, ಮಗನನ್ನೂ ಪರೀಕ್ಷಿಸಿದರೆ ಅವನಿಗೂ ಇದೆ. ಅವನ ವೈರಸ್ ಪ್ರಮಾಣ ಕೋಟಿಗಳಲ್ಲಿದೆ, ಯಕೃತ್ತಿನ ಹಾನಿಯನ್ನು ತೋರಿಸುವ ರಕ್ತಪರೀಕ್ಷೆ ಎಸ್‌ಜಿಪಿಟಿ ಮಾತ್ರ 24. ಮಂಗಳೂರಿನ ವೈದ್ಯರು ಸದ್ಯ ಮದ್ದು ಬೇಡ, ಆರು ತಿಂಗಳಿಗೊಮ್ಮೆ ಬನ್ನಿ ಎಂದಿದ್ದಾರೆ. ಇಷ್ಟು ವೈರಸ್ ಇಟ್ಟುಕೊಂಡು ಸುಮ್ಮನಿರುವುದು ಹೇಗೆ? ಅತ್ತೆಯವರು ನೆಲನೆಲ್ಲಿಯ ಕಷಾಯ ಕೊಡೋಣ ಎನ್ನುತ್ತಾರೆ.

ಉತ್ತರ (ಮಕ್ಕಳ ಯಕೃತ್ ತಜ್ಞೆ): ನಿಮ್ಮ ವೈದ್ಯರ ಮಾತು ಸರಿಯಾಗಿದೆ. ಯಕೃತ್ತಿಗೆ ಹಾನಿಯಾಗುವುದು ಬಹುಮಟ್ಟಿಗೆ ವೈರಸ್ಸಿನಿಂದಲ್ಲ, ಅದನ್ನು ಹೊರದೂಡಲು ದೇಹದ ರೋಗನಿರೋಧಕ ಶಕ್ತಿಯು ಸೋಂಕು ತಗಲಿದ ಜೀವಕೋಶಗಳ ಮೇಲೆರಗುವುದರಿಂದ. ಹುಟ್ಟುವಾಗಲೇ ಸೋಂಕು ತಗಲಿದ ಮಕ್ಕಳಲ್ಲಿ ಈ ಕಾದಾಟ ಹಲವು ವರ್ಷ ಆರಂಭವಾಗುವುದೇ ಇಲ್ಲವಾದ್ದರಿಂದ, ವೈರಸ್ ಕೋಟಿಗಳಲ್ಲಿದ್ದರೂ ಎಸ್‌ಜಿಪಿಟಿ ಏರಿರುವುದಿಲ್ಲ. ಈ ಹಂತದಲ್ಲಿ ಮದ್ದು ಕೊಟ್ಟರೆ ವೈರಸ್ ಇಳಿಯುತ್ತದೆ, ನಿಲ್ಲಿಸಿದರೆ ಸಾಮಾನ್ಯವಾಗಿ ಮತ್ತೆ ಏರುತ್ತದೆ. ಮಗು ವರ್ಷಗಟ್ಟಲೆ ದಿನವೂ ಮಾತ್ರೆ ನುಂಗಬೇಕಾಗುತ್ತದೆ.

ವರದಿಯ ಹಾಳೆಯಲ್ಲಿ ಎಸ್‌ಜಿಪಿಟಿಯ ಮಿತಿ 40 ಎಂದು ಅಚ್ಚಾಗಿದ್ದರೆ ಅದು ದೊಡ್ಡವರ ಲೆಕ್ಕ. ಮಕ್ಕಳಿಗೆ ನಾನು 30ನ್ನೇ ಮಿತಿಯೆಂದು ಹಿಡಿಯುತ್ತೇನೆ. ಎಸ್‌ಜಿಪಿಟಿ ಈ ಮಿತಿಯ ಒಂದೂವರೆ, ಎರಡು ಪಟ್ಟಿಗೆ ಏರಿ ಆರು ತಿಂಗಳಾದರೂ ಇಳಿಯದೆ, ವೈರಸ್ಸೂ 20,000ಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆಯ ಮಾತು ಬರುತ್ತದೆ. ಎಂಟೆಕವಿರ್ ಎರಡು ವರ್ಷ ದಾಟಿದ ಮಕ್ಕಳಿಗೂ ಕೊಡಬಹುದಾದ ಮದ್ದು.

ಕಷಾಯ ಬೇಡವೆಂದು ಅತ್ತೆಯವರಿಗೆ ಪ್ರೀತಿಯಿಂದ ಹೇಳಿ. ನಾಳೆ ಎಸ್‌ಜಿಪಿಟಿ ಏರಿದರೆ ಅದು ವೈರಸ್ಸಿನಿಂದಲೋ ಕಷಾಯದಿಂದಲೋ ಎಂದು ಬಿಡಿಸಿ ಹೇಳುವುದು ನಮಗೆ ಕಷ್ಟವಾಗುತ್ತದೆ.

ಪ್ರಶ್ನೆ: ಏರಿದ ಕೂಡಲೇ ಆರಂಭಿಸಬಾರದೇ, ಆರು ತಿಂಗಳು ಏಕೆ?

ಉತ್ತರ: ಕೆಲವು ಮಕ್ಕಳಲ್ಲಿ ಆ ಏರಿಕೆಯೇ ದೇಹವು ವೈರಸ್ಸನ್ನು ತಾನಾಗಿ ಹತೋಟಿಗೆ ತರುತ್ತಿರುವ ಲಕ್ಷಣವಾಗಿರುತ್ತದೆ, ಅದಕ್ಕೆ ಅವಕಾಶ ಕೊಡಬೇಕು. ಆದರೆ ಕಣ್ಣು ಹಳದಿಯಾದರೆ, ಹೊಟ್ಟೆ ಊದಿಕೊಂಡರೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಕೆಟ್ಟರೆ ಒಂದು ದಿನವೂ ಕಾಯಬಾರದು. ಬೇರೆ ಕಾಯಿಲೆಗೆ ಸ್ಟೀರಾಯ್ಡ್ ಕೊಡುವ ಸಂದರ್ಭ ಬಂದರೆ ಮೊದಲೇ ತಿಳಿಸಿ. ಮನೆಯಲ್ಲಿ ಯಾರಿಗಾದರೂ ಯಕೃತ್ತಿನ ಕ್ಯಾನ್ಸರ್ ಆಗಿದ್ದರೆ ಅದನ್ನೂ ಹೇಳಿ, ಆಗ ನಿರ್ಧಾರ ಬೇಗನೆ ಆಗುತ್ತದೆ.

ನೀವು ಕೇಳದಿದ್ದರೂ ಹೇಳುತ್ತೇನೆ, ಮಗನಿಗಿಂತ ಹೆಚ್ಚು ಅವಸರ ಇರುವುದು ಹೊಟ್ಟೆಯಲ್ಲಿರುವ ಮಗುವಿನದ್ದು. ನಿಮ್ಮ ವೈರಸ್ ಪ್ರಮಾಣವನ್ನು ಈ ವಾರವೇ ಅಳೆಸಿ. ಎರಡು ಲಕ್ಷ ದಾಟಿದ್ದರೆ ನಿಮಗೆ ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ ಬೇಕಾಗಬಹುದು. ಹುಟ್ಟಿದ ಕೂಡಲೇ, ಸಾಧ್ಯವಾದರೆ 12 ಗಂಟೆಯೊಳಗೆ, ಮಗುವಿಗೆ ಲಸಿಕೆಯೂ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ) ಚುಚ್ಚುಮದ್ದೂ ಸಿಗುವಂತೆ ಹೆರಿಗೆಯ ಆಸ್ಪತ್ರೆಯಲ್ಲಿ ಈಗಲೇ ಮಾತಾಡಿಟ್ಟುಕೊಳ್ಳಿ.