12345654321: ಇಂಥ ಸಂಖ್ಯೆಯನ್ನು ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಸಂಖ್ಯೆಗೆ ಒಂದು ಹೆಸರು ಬೇಕಾಗಿದೆ. ಮಕ್ಕಳಿಗಾಗಿ 12345654321ರ ಬಗ್ಗೆ ಬರೆಯುತ್ತಿದ್ದೇನೆ. ‘ಪಾಲಿಂಡ್ರೋಮ್ ಸಂಖ್ಯೆ’ ಅಂತ ಹಾಕಿ ಸುಮ್ನಿರಬಹುದು. ಆದರೆ ನಮ್ಮ ನೆಲದಲ್ಲೇ ಈ ಸಂಖ್ಯೆಗೆ ಸಾವಿರ ವರ್ಷಕ್ಕೂ ಹಿಂದಿನ ಕಥೆಯಿದೆ.

ಮೊದಲು ಗಣಿತ. ಇದು 111111ರ ವರ್ಗ. ಕೈಯಲ್ಲೇ ಗುಣಿಸಿ ನೋಡಿ. ಆರು ಸಾಲುಗಳೂ ಒಂದೊಂದು ಮನೆ ಸರಿದು ಕೂರುತ್ತವೆ. ನಡುವೆ ಆರು ಒಂದುಗಳು ಸೇರುತ್ತವೆ, ಆಚೆ ಈಚೆ ಐದು, ನಾಲ್ಕು ಅಂತ ಇಳಿಯುತ್ತವೆ. ಎಲ್ಲೂ ದಶಕ ಬರುವುದಿಲ್ಲ, ಅದಕ್ಕೇ ಆಕಾರ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೂ ಇದೇ ಆಟ. ಹತ್ತು ಒಂದುಗಳ ವರ್ಗ ಮಾಡಿದರೆ ನಡುವೆ ದಶಕ ನುಗ್ಗಿ 1234567900987654321 ಆಗುತ್ತದೆ. ಅಲ್ಲಿಗೆ ಅಂದ ಹೋಯಿತು.

111111 ಅಂದರೆ 3 × 7 × 11 × 13 × 37. ವರ್ಗದಲ್ಲಿ ಈ ಐದು ಅವಿಭಾಜ್ಯಗಳೂ ಎರಡೆರಡು ಸಲ ಬರುತ್ತವೆ, ಹಾಗಾಗಿ ಒಟ್ಟು 243 ಅಪವರ್ತನಗಳು. ಅಂಕಿಗಳನ್ನು ಕೂಡಿದರೆ 36. ಅದೂ ಒಂದು ವರ್ಗವೇ!

ಈಗ ಕಥೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 9ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಅದರ ಗುಣಾಕಾರದ ಲೆಕ್ಕಗಳಲ್ಲಿ 27994681 × 441 ಕೂಡ ಇದೆ. ಉತ್ತರ ನಮ್ಮ 12345654321. ಅವನು ಈ ಎರಡು ಸಂಖ್ಯೆಗಳನ್ನು ಎಲ್ಲಿಂದ ತಂದ ಅನ್ನುವುದು ಬಿಡಿಸಿದರೆ ಗೊತ್ತಾಗುತ್ತದೆ: 441 ಅಂದರೆ 21ರ ವರ್ಗ, 27994681 ಅಂದರೆ 5291ರ ವರ್ಗ, 21 × 5291 = 111111. ಅದೇ ಸಾಲಿನಲ್ಲಿ 152207 × 73 = 11111111, 139 × 109 = 15151 ಕೂಡ ಇವೆ. ಇಂಥ ಉತ್ತರಗಳನ್ನು ಅವನು ಕೊರಳಿನ ಆಭರಣಕ್ಕೆ ಹೋಲಿಸಿದ. ನಡುವೆ ಪದಕ, ಎರಡೂ ಕಡೆ ಒಂದೇ ಥರದ ಮಣಿಗಳು, ಅಲ್ವಾ?

ಇನ್ನು ನನ್ನ ತೊಡಕು. ಮಹಾವೀರನ ದಾರಿ ಹಿಡಿದು ‘ಹಾರಸಂಖ್ಯೆ’ ಅನ್ನೋಣ ಎಂದರೆ, ಹಳೆಯ ಗಣಿತದಲ್ಲಿ ‘ಹಾರ’ ಅಂದರೆ ಭಾಗಿಸುವ ಸಂಖ್ಯೆ. ಭಾಗಾಕಾರದ ಪಾಠದ ಪಕ್ಕದಲ್ಲೇ ಇದು ಬಂದರೆ ಗೊಂದಲ ಖಂಡಿತ. ‘ವಿಲೋಮ’ ಆಗಲ್ಲ, ವಿಲೋಮ ಅನುಪಾತ ಆ ಪದವನ್ನು ಆಗಲೇ ಹಿಡಿದುಕೊಂಡಿದೆ. ಕಾವ್ಯದವರ ‘ಗತಪ್ರತ್ಯಾಗತ’ (ಹೋಗಿ ಮರಳಿ ಬಂದದ್ದು) ಅರ್ಥಕ್ಕೆ ಸರಿಯಾಗಿದೆ, ಆದರೆ ಐದನೇ ಕ್ಲಾಸಿನ ಮಗುವಿನ ಬಾಯಿಗೆ ಜಾಸ್ತಿಯಾಯಿತು. ‘ವಿಕಟಕವಿ ಸಂಖ್ಯೆ’ ಅಂದರೆ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ. ಗದಗ, ಕಿಟಕಿ ಅಂತ ಆಟವನ್ನೂ ಮುಂದುವರಿಸಬಹುದು. ಪಠ್ಯದಲ್ಲಿ ಅದು ತೀರಾ ತಮಾಷೆ ಆದೀತೇನೋ.

ಸದ್ಯಕ್ಕೆ ನನ್ನ ಒಲವು ‘ಕಂಠಿಕೆ ಸಂಖ್ಯೆ’ ಕಡೆಗೆ. ಕಂಠಿಕೆ ಅಂದರೂ ಕೊರಳಿನ ಆಭರಣವೇ. ಗಣಿತದಲ್ಲಿ ಆ ಪದಕ್ಕೆ ಬೇರೆ ಕೆಲಸವಿಲ್ಲ.

ಅಂದಹಾಗೆ, ಈ ಸಂಖ್ಯೆಯನ್ನು ಬಾಯಲ್ಲಿ ಹೇಳಿದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಕಿವಿಗೆ ಯಾವ ಅಂದವೂ ಸಿಗುವುದಿಲ್ಲ. ಹಾಗಾಗಿ ಹೆಸರಿನಲ್ಲಾದರೂ ಆಕಾರ ಕಾಣಬೇಕು ಅನ್ನುವುದು ನನ್ನ ಹಟ. ಪಾಠ ಮಾಡುವವರು ಇದಕ್ಕೆ ಕ್ಲಾಸಿನಲ್ಲಿ ಏನನ್ನುತ್ತೀರಿ? ‘ಕಂಠಿಕೆ’ ನಿಮ್ಮ ಕಡೆ ಮಕ್ಕಳಿಗೆ ಗೊತ್ತಿರುವ ಪದವೇ?