ಸಹಾಯ ಬೇಕು: ಮನೆಯಲ್ಲಿ ನೊಂದ ಹೆಂಗಸರ ಪ್ರಾರ್ಥನಾ ಕೂಟಕ್ಕೆ ಐದು ವಾರದ ಪಾಠ

ಅಕ್ಕಂದಿರೇ, ಗಂಡನೊಂದಿಗೆ ಮಾತು ನಿಂತುಹೋದ, ಮಕ್ಕಳು ದೂರವಾದ ಹೆಂಗಸರಿಗಾಗಿ ಪಾಠ ಸಿದ್ಧವಾಗುತ್ತಿದೆ. ಎಂಟು ಮಂದಿ, ವಾರಕ್ಕೊಮ್ಮೆ ಒಂದೂಕಾಲು ಗಂಟೆ. ನಾಲ್ಕು ವಾರದ್ದು ಮುಗಿದಿದೆ.

ಮೊದಲು ಬೈಬಲಿನ 13ನೇ ಕೀರ್ತನೆ. ಆರೇ ವಚನ, ಮೊದಲೆರಡರಲ್ಲೇ ‘ಇನ್ನೆಷ್ಟು ಕಾಲ’ ಎಂಬ ಅಳಲು ನಾಲ್ಕು ಸಲ. ಪ್ರತಿಯೊಬ್ಬರೂ ತಮ್ಮ ನಾಲ್ಕು ಪ್ರಶ್ನೆ ಬರೆಯಬೇಕು, ಓದಿ ಹೇಳಬೇಕಿಲ್ಲ. ಎರಡನೆಯದು 1 ಸಮುವೇಲ 1: ಮಗುವಿಗಾಗಿ ಅಳುತ್ತಾ ಪ್ರಾರ್ಥಿಸುತ್ತಿದ್ದ ಹನ್ನಳನ್ನು ಯಾಜಕ ಏಲಿಯೇ ಕುಡಿದವಳೆಂದುಕೊಂಡ. (ಸಭೆಯ ಹಿರಿಯರೂ ತಪ್ಪು ತಿಳಿಯುತ್ತಾರೆ!) ಮೂರನೆಯದು ಅದೇ ಪುಸ್ತಕದ 25: ಅಬೀಗೈಲ್ ಒರಟ ಗಂಡ ನಾಬಾಲನಿಗೆ ತಿಳಿಸದೆಯೇ ದಾವೀದನ ಬಳಿಗೆ ಹೊರಟು, ಅವನ ಸೇಡಿನಿಂದ ಮನೆ ಉಳಿಸಿದಳು. ನಾಲ್ಕನೆಯದು ಎಫೆಸ 5. ಎಡವಟ್ಟಾಗುವುದು ಇಲ್ಲೇ. ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಬೇಕೆನ್ನುವ 22ನೇ ವಚನದಿಂದ ಓದಲು ಶುರುಮಾಡಿದರೆ 21ರ ‘ಒಬ್ಬರಿಗೊಬ್ಬರು’ ಅಧೀನರಾಗಿರಿ ಎಂಬ ಮಾತು ಬಿಟ್ಟುಹೋಗುತ್ತದೆ, 25ರಲ್ಲಿ ಹೆಂಡತಿಯರನ್ನು ಪ್ರೀತಿಸಿರಿ ಎಂದು ಗಂಡಂದಿರಿಗೆ ಹೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ.

ಐದನೆಯ ವಾರಕ್ಕೆ, ಬೆಳೆದ ಮಕ್ಕಳು ನಂಬಿಕೆ ಬಿಟ್ಟ ತಾಯಂದಿರಿಗಾಗಿ ಒಂದು ವಾಕ್ಯಭಾಗ ಸೂಚಿಸಿ. ಲೂಕ 15 (ಮನೆಬಿಟ್ಟು ಹೋಗಿ ಮರಳಿ ಬಂದ ಮಗನ ಕಥೆ) ಬೇಡ, ಎಲ್ಲರೂ ಕೇಳಿ ಕೇಳಿ ಸೋತಿದ್ದಾರೆ. ಪ್ರಾರ್ಥನಾ ವಿಷಯ ಚಾಡಿಯಾಗಿ ಹೊರಗೆ ಹೋಗದಂತೆ ತಡೆಯುವ ಬಗೆಯೂ ಬೇಕು. ಹೆಸರಿಲ್ಲದ ಚೀಟಿ ಸಾಲದು, ಎಂಟೇ ಜನರಲ್ಲಿ ಕೈಬರಹ ಗುರುತು ಸಿಕ್ಕಿಬಿಡುತ್ತದೆ. ಹೊಡೆತ ತಿನ್ನುತ್ತಿರುವವರಿಗೆ ‘ಸಹಿಸಿಕೋ, ಪ್ರಾರ್ಥಿಸು’ ಅನ್ನುವ ಸಲಹೆಯನ್ನು ಮಾತ್ರ ದಯವಿಟ್ಟು ಹಾಕಬೇಡಿ.